ರಿಚ್ಮಂಡ್‌ನ ರೋಸಿ ಪಾರ್ಕ್: ಏನು ನೋಡಬೇಕು, ಎಲ್ಲಿ ಎಡವುತ್ತಾರೆ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ಬರ್ಕ್ಲಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ರಿಚ್ಮಂಡ್ ಊರಿಗೆ ಬೇ ಏರಿಯಾದವರೇ ಬೇಕೆಂದು ಹೋಗುವುದು ಕಡಿಮೆ. ಅಲ್ಲಿರುವ ರಾಷ್ಟ್ರೀಯ ಉದ್ಯಾನದ ಹೆಸರೂ ಮಾರುದ್ದ: ರೋಸಿ ದ ರಿವೆಟರ್ ವರ್ಲ್ಡ್ ವಾರ್ ಟು ಹೋಮ್ ಫ್ರಂಟ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್. ರೋಸಿ ಎಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ದುಡಿದ ಹೆಂಗಸರಿಗೆಲ್ಲ ಬಿದ್ದ ಹೆಸರು. ಪಾರ್ಕ್ ಎಂದಕೂಡಲೇ ಮರ, ಬೆಟ್ಟ, ಟ್ರೆಕ್ಕಿಂಗ್ ಅಂದುಕೊಂಡು ಬುತ್ತಿ ಕಟ್ಟಿಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಇದು ಹಳೆಯ ಕಾರ್ಖಾನೆ, ಹಡಗುಕಟ್ಟೆ, ಆಸ್ಪತ್ರೆ, ಶಿಶುವಿಹಾರಗಳು ಊರ ತುಂಬ ಚದುರಿಕೊಂಡಿರುವ ಜಾಗ. 2000ನೇ ಇಸವಿಯಲ್ಲಿ ಕಾಯ್ದೆ ಮಾಡಿ ಇದನ್ನು ಉದ್ಯಾನವೆಂದು ಘೋಷಿಸಿದರು. ವಿಸಿಟರ್ ಸೆಂಟರ್ ತೆರೆದದ್ದು 2012ರಲ್ಲಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರದರ್ಶನಕ್ಕೆ ಐದಕ್ಕೆ ನಾಲ್ಕೂವರೆ, ಇಡೀ ದಿನದ ಅನುಭವಕ್ಕೆ ಮೂರೂವರೆ. ಒಂದು ಅಂಕ ಹೋಗುವುದು ಜಾಗಗಳು ದೂರದೂರ ಇರುವುದರಿಂದ ಮತ್ತು ಎಲ್ಲವೂ ಒಂದೇ ದಿನ ತೆರೆದಿರುವುದಿಲ್ಲ ಎಂಬುದರಿಂದ. ಯೋಜನೆಯಿಲ್ಲದೆ ಹೋದರೆ ಒಂದು ಪೋಸ್ಟರ್ ಎದುರು ತೋಳು ಮಡಚಿ ಫೋಟೋ ತೆಗೆಸಿಕೊಂಡು ವಾಪಸ್ ಬರುವುದಷ್ಟೇ ಆಗುತ್ತದೆ.

ವಿಸಿಟರ್ ಸೆಂಟರ್ ಹಾರ್ಬರ್ ವೇ ಸೌತ್ ರಸ್ತೆಯ ತುದಿಯಲ್ಲಿ, ನೀರಿಗೆ ತಾಗಿಕೊಂಡಿದೆ. ಪಕ್ಕದ ಉದ್ದನೆಯ ಇಟ್ಟಿಗೆ, ಗಾಜಿನ ಕಟ್ಟಡ ಫೋರ್ಡ್ ಕಂಪನಿಯ ಕಾರು ಜೋಡಣೆ ಕಾರ್ಖಾನೆಯಾಗಿತ್ತು. ಅದರ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್. ಯುದ್ಧದಲ್ಲಿ ಅಲ್ಲಿ ಸುಮಾರು 49,000 ಜೀಪ್ ಜೋಡಿಸಿದರು, ಇನ್ನೂ 91,000 ಸೇನಾ ವಾಹನಗಳನ್ನು ಸಜ್ಜುಗೊಳಿಸಿ ಹಡಗಿಗೆ ಹತ್ತಿಸಿದರು. ಛಾವಣಿಯ ಹಲ್ಲುಹಲ್ಲಿನ ಗಾಜಿನ ಕಿಟಕಿಗಳನ್ನು ಹೊರಗಿನಿಂದಲೇ ನೋಡಬಹುದು. ಹಗಲಿನ ಬೆಳಕಿನಲ್ಲೇ ಕೆಲಸ ಸಾಗಲಿ ಎಂದು ಮಾಡಿದ ವ್ಯವಸ್ಥೆ ಅದು. ಸೆಂಟರ್ ಇರುವುದು ಇದೇ ಕಾರ್ಖಾನೆಯ ಆಯಿಲ್ ಹೌಸ್‌ನಲ್ಲಿ. ಪ್ರವೇಶ ಉಚಿತ. ಕೇಂದ್ರ ಸರ್ಕಾರದ ಬಜೆಟ್ ಜಗಳದಲ್ಲಿ ಪಾರ್ಕುಗಳಿಗೆ ಬೀಗ ಬೀಳುವುದುಂಟು, ಹೊರಡುವ ಮುಂಚೆ ನ್ಯಾಷನಲ್ ಪಾರ್ಕ್ ಸರ್ವೀಸ್ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.

ತಲುಪಲು ಚೆಂದದ ದಾರಿ ದೋಣಿಯದು. ಸ್ಯಾನ್ ಫ್ರಾನ್ಸಿಸ್ಕೋ ಫೆರಿ ಬಿಲ್ಡಿಂಗ್‌ನಿಂದ ಹೊರಟರೆ ಮುಕ್ಕಾಲು ಗಂಟೆಯೊಳಗೆ ಸೆಂಟರಿನ ಮಗ್ಗುಲಲ್ಲೇ ಇಳಿಸುತ್ತದೆ. 2019ರ ಜನವರಿಯಿಂದ ಈ ಸೇವೆ ಇದೆ. ಆಫೀಸಿಗೆ ಹೋಗಿಬರುವವರ ಸಮಯಕ್ಕೆ ಹೊಂದಿಸಿದ ದೋಣಿಯಾದ್ದರಿಂದ ನಡುಹೊತ್ತಿನಲ್ಲಿ ಅಂತರ ಹೆಚ್ಚು, ವಾಪಸ್ ದೋಣಿಯ ಸಮಯ ನೋಡಿಕೊಂಡೇ ಹತ್ತಬೇಕು. ಬಾರ್ಟ್ ರೈಲಿನಲ್ಲಿ ಬಂದರೆ ನಿಲ್ದಾಣದಿಂದ ಸುಮಾರು ಮೂರು ಮೈಲಿ, ನಡೆಯುವ ದಾರಿಯಲ್ಲ. ಕಾರಿದ್ದರೆ ಸುಲಭ. ಬಿಸಿಲಿದ್ದರೂ ಕೊಲ್ಲಿಯ ಗಾಳಿ ಮೂಳೆಗೆ ತಾಗುತ್ತದೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಸ್ವೆಟರ್ ಹಾಕಿಸಿಯೇ ಕರೆದುಕೊಂಡು ಹೋಗಿ.

ಈಗ ಒಳಗೆ. ಹೆಸರಿನಲ್ಲಿ ರಿವೆಟರ್ ಇದ್ದರೂ ರಿಚ್ಮಂಡ್‌ನ ಹೆಂಗಸರು ಮಾಡಿದ್ದು ಬಹುಪಾಲು ವೆಲ್ಡಿಂಗ್. ರಿವೆಟ್, ಅಂದರೆ ಲೋಹದ ಹಲಗೆಗಳನ್ನು ಕೂಡಿಸುವ ಮೊಳೆ, ಹೊಡೆಯುವ ಕೆಲಸ ವಿಮಾನ ಕಾರ್ಖಾನೆಗಳಲ್ಲಿತ್ತು. ಇದನ್ನು ತಲೆಯಲ್ಲಿಟ್ಟುಕೊಂಡು ಪ್ರದರ್ಶನ ನೋಡಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ರಿವೆಟ್ ಹಾಕಿ ಹಡಗು ಕಟ್ಟುವುದು ಹಳೆಯ ಪದ್ಧತಿ. ಕಾಯಿಸಿದ ರಿವೆಟ್ ಎಸೆಯುವವ, ಹಿಡಿಯುವವ, ಆಚೆಯಿಂದ ಒತ್ತಿಹಿಡಿಯುವವ, ಬಡಿಯುವವ ಎಂದು ಪಳಗಿದ ತಂಡ ಬೇಕು, ಕಸುಬು ಕಲಿಯಲು ವರ್ಷಗಳು ಬೇಕು. ರಿಚ್ಮಂಡ್‌ನ ಹಡಗುಕಟ್ಟೆಗಳನ್ನು ನಡೆಸಿದ ಹೆನ್ರಿ ಕೈಸರ್ ಎಂಬ ಗುತ್ತಿಗೆದಾರ ಅಣೆಕಟ್ಟು ಕಟ್ಟಿದವನೇ ಹೊರತು ಹಡಗು ಕಟ್ಟಿದವನಲ್ಲ. ಆ ಪದ್ಧತಿಯನ್ನು ಅವನು ಪಕ್ಕಕ್ಕಿಟ್ಟ. ಟೈಲರ್ ತೋಳು, ಕಾಲರ್, ಜೇಬು ಬೇರೆ ಬೇರೆ ಹೊಲಿದಿಟ್ಟು ಕೊನೆಗೆ ಜೋಡಿಸುವ ಹಾಗೆ ಹಡಗಿನ ದೊಡ್ಡ ದೊಡ್ಡ ಭಾಗಗಳನ್ನು ನೆಲದ ಮೇಲೆ ವೆಲ್ಡ್ ಮಾಡಿ, ಕ್ರೇನಿನಲ್ಲಿ ಎತ್ತಿ ಕೂರಿಸುವ ಕ್ರಮ ತಂದ.

ಇದರಿಂದ ಆದ ಬದಲಾವಣೆ ಏನೆಂದು ವೆಲ್ಡಿಂಗ್ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ. ತಲೆಯ ಮೇಲಿನ ಜೋಡಣೆಗೆ ವೆಲ್ಡ್ ಮಾಡುವುದು ಎಲ್ಲಕ್ಕಿಂತ ಕಷ್ಟ. ಕರಗಿದ ಲೋಹ ಕೆಳಗೆ ತೊಟ್ಟಿಕ್ಕುತ್ತದೆ, ಕಿಡಿ ಕಾಲರಿನೊಳಗೆ ಇಳಿಯುತ್ತದೆ. ಗೋಡೆಯಂತೆ ನೆಟ್ಟಗೆ ನಿಂತ ಜೋಡಣೆ ಅದಕ್ಕಿಂತ ಸುಲಭ. ನೆಲಕ್ಕೆ ಚಪ್ಪಟೆ ಮಲಗಿದ ಜೋಡಣೆ ಎಲ್ಲಕ್ಕಿಂತ ಸುಲಭ, ಗುರುತ್ವವೇ ಲೋಹವನ್ನು ಸಂದಿಗೆ ಇಳಿಸುತ್ತದೆ. ಭಾಗಗಳನ್ನು ನೆಲದ ಮೇಲೆ ತಿರುಗಿಸಿಟ್ಟು ಕೆಲಸ ಮಾಡುವುದಾದರೆ ಹೆಚ್ಚಿನ ಜೋಡಣೆಗಳು ಚಪ್ಪಟೆಯಾಗಿಯೇ ಸಿಗುತ್ತವೆ. ಹಾಗಾಗಿ ಅಂಗಡಿಯಲ್ಲಿ, ಮನೆಯಲ್ಲಿ, ಹೊಲದಲ್ಲಿ ದುಡಿಯುತ್ತಿದ್ದವರನ್ನು ಕೆಲವೇ ವಾರದಲ್ಲಿ ತಯಾರು ಮಾಡಿ ಕೆಲಸಕ್ಕೆ ನಿಲ್ಲಿಸಲು ಆಯಿತು. ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಬಂದರು ಎಂಬಲ್ಲಿಗೇ ಬಹಳ ಜನ ಕಥೆ ನಿಲ್ಲಿಸುತ್ತಾರೆ. ಕೆಲಸದ ರೀತಿಯೇ ಬದಲಾಗಿರದಿದ್ದರೆ ಅಷ್ಟು ಬೇಗ ಅಷ್ಟು ಜನರನ್ನು ಸೇರಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಅವನ ನಾಲ್ಕು ಯಾರ್ಡು, ಅಂದರೆ ಹಡಗುಕಟ್ಟೆಗಳಿಂದ ಒಟ್ಟು 747 ಹಡಗು. 1942ರ ನವೆಂಬರಿನಲ್ಲಿ ರಾಬರ್ಟ್ ಇ. ಪಿಯರಿ ಎಂಬ ಲಿಬರ್ಟಿ ಮಾದರಿಯ ಸರಕು ಹಡಗು ನೀರಿಗಿಳಿದದ್ದು ತಳದ ಕೀಲ್ ಇಟ್ಟ 4 ದಿನ, 15 ಗಂಟೆ, 29 ನಿಮಿಷಕ್ಕೆ. ಅದು ಪ್ರಚಾರಕ್ಕಾಗಿ ಮುಂಚಿತವಾಗಿ ಭಾಗಗಳನ್ನೆಲ್ಲ ಸಿದ್ಧಮಾಡಿಟ್ಟುಕೊಂಡು ಮಾಡಿದ ದಾಖಲೆ, ದಿನನಿತ್ಯದ ವೇಗವಲ್ಲ. ಫಲಕ ಓದುವಾಗ ಇದನ್ನು ಮರೆಯಬಾರದು.

ಸಂಬಳದ ವಿಷಯಕ್ಕೆ ಬಂದರೆ ಪಶ್ಚಿಮ ಕರಾವಳಿಯ ಯಾರ್ಡುಗಳಲ್ಲಿ ಪೂರ್ಣ ದರ್ಜೆಯ ಕೆಲಸಗಾರರಿಗೆ ಗಂಟೆಗೆ 1 ಡಾಲರ್ 20 ಸೆಂಟ್ ಇತ್ತು. ದರ ದರ್ಜೆಗೆ ಗೊತ್ತುಮಾಡಿದ್ದು, ಹೆಣ್ಣು ಗಂಡು ಎಂದಲ್ಲ. ಹಾಗಾದರೆ ಅನ್ಯಾಯ ಎಲ್ಲಿತ್ತು? ಯಾರನ್ನು ಯಾವ ದರ್ಜೆಗೆ ಸೇರಿಸುತ್ತಾರೆ ಎಂಬಲ್ಲಿ. ಕಪ್ಪು ಹೆಂಗಸರಿಗೆ ವೆಲ್ಡಿಂಗ್ ಬದಲು ಕಸ ಗುಡಿಸುವ, ಹೊರುವ ಕೆಲಸವೇ ಮೊದಲು ಸಿಗುತ್ತಿತ್ತು.

ಪ್ರದರ್ಶನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಯೂನಿಯನ್ ಕುರಿತ ಭಾಗದ ಮುಂದೆ. ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಆಡುವ ಕಡೆ ಜನ ನೆರೆಯುತ್ತಾರೆ, ಇಲ್ಲಿ ಯಾರೂ ನಿಲ್ಲುವುದಿಲ್ಲ. ಯಾರ್ಡುಗಳಲ್ಲಿ ಕ್ಲೋಸ್ಡ್ ಶಾಪ್ ಒಪ್ಪಂದ ಇತ್ತು. ಅಂದರೆ ಬಾಯ್ಲರ್‌ಮೇಕರ್ಸ್ ಯೂನಿಯನ್ನಿನ ಒಪ್ಪಿಗೆ ಚೀಟಿ ಇಲ್ಲದೆ ಕಂಪನಿ ಕೆಲಸ ಕೊಡುವಂತಿಲ್ಲ. 1942ರಲ್ಲಿ ಯೂನಿಯನ್ ಬಿಳಿಯ ಹೆಂಗಸರಿಗೆ ಬಾಗಿಲು ತೆರೆಯಿತು. ಕಪ್ಪು ಕೆಲಸಗಾರರಿಗೆ ಮಾತ್ರ ಬೇರೆ ಆಕ್ಸಿಲರಿ ಲಾಡ್ಜ್, ಅಂದರೆ ಯೂನಿಯನ್ನಿನ ಕೈಕೆಳಗಿನ ಉಪಶಾಖೆ. ರಿಚ್ಮಂಡ್‌ನಲ್ಲಿ ಅದರ ಹೆಸರು ಎ-36. ಚಂದಾ ಕಟ್ಟಬೇಕು, ಮತ ಹಾಕುವಂತಿಲ್ಲ, ಸಮ್ಮೇಳನಕ್ಕೆ ಪ್ರತಿನಿಧಿ ಕಳಿಸುವಂತಿಲ್ಲ, ವಿಮೆಯ ಮೊತ್ತವೂ ಕಡಿಮೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ.

ಇದರ ವಿರುದ್ಧ ಎರಡು ಏಟು ಬಿದ್ದವು. ಕಪ್ಪು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್‌ಗೆ ಸಾವಿರಾರು ಜನರ ಮೆರವಣಿಗೆ ತರುತ್ತೇನೆಂದು ಪಟ್ಟುಹಿಡಿದಾಗ ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನ್ 25ರಂದು 8802ನೇ ಆದೇಶ ಹೊರಡಿಸಿ, ರಕ್ಷಣಾ ಉದ್ಯಮದಲ್ಲಿ ಜನಾಂಗ ನೋಡಿ ಕೆಲಸ ನಿರಾಕರಿಸುವಂತಿಲ್ಲ ಎಂದರು. ಆದೇಶಕ್ಕೆ ಹಲ್ಲು ಕಡಿಮೆಯಿತ್ತು. ಎರಡನೆಯದು ಕೊಲ್ಲಿಯ ಆಚೆ ದಡದ ಸಾಸಲಿಟೋದಲ್ಲಿದ್ದ ಮರಿನ್‌ಶಿಪ್ ಯಾರ್ಡಿನಿಂದ ಬಂತು. ಅಲ್ಲಿನ ವೆಲ್ಡರ್ ಜೋಸೆಫ್ ಜೇಮ್ಸ್ ಮತ್ತು ಜೊತೆಗಾರರು ಆಕ್ಸಿಲರಿಗೆ ಚಂದಾ ಕಟ್ಟುವುದಿಲ್ಲವೆಂದರು, ಕೆಲಸ ಹೋಯಿತು, ಕೋರ್ಟಿಗೆ ಹೋದರು. 1944ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು: ಕೆಲಸಕ್ಕೆ ಸದಸ್ಯತ್ವ ಕಡ್ಡಾಯ ಮಾಡಿ, ಪೂರ್ಣ ಸದಸ್ಯತ್ವದ ಬಾಗಿಲು ಮುಚ್ಚುವಂತಿಲ್ಲ. ಎಂಟೇ ತಿಂಗಳಲ್ಲಿ ಯುದ್ಧ ಮುಗಿದು ಯಾರ್ಡುಗಳಿಂದ ಜನರನ್ನು ಮನೆಗೆ ಕಳಿಸತೊಡಗಿದರು ಎಂಬುದು ಬೇರೆ ಮಾತು.

ಈ ಭಾಗ ಇಷ್ಟು ನೇರವಾಗಿ ಬಂದಿರುವುದಕ್ಕೆ ಬೆಟ್ಟಿ ರೀಡ್ ಸಾಸ್ಕಿನ್ ದೊಡ್ಡ ಕಾರಣ. ಅವರು ಯುದ್ಧಕಾಲದಲ್ಲಿ ಎ-36 ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ಕಟ್ಟುತ್ತಿದ್ದ ಹಡಗನ್ನು ಹತ್ತಿರದಿಂದ ಕಂಡವರೇ ಅಲ್ಲ. ರೋಸಿ ಎನ್ನುವುದು ಬಿಳಿಯ ಹೆಂಗಸರ ಕಥೆ ಎಂದು ಈ ಪಾರ್ಕಿನ ಸಭೆಗಳಲ್ಲೇ ಹೇಳಿದವರು, ಆಮೇಲೆ ಇಲ್ಲಿಯೇ ರೇಂಜರ್ ಆಗಿ, 2022ರಲ್ಲಿ ನೂರನೇ ವಯಸ್ಸಿನಲ್ಲಿ ನಿವೃತ್ತರಾದರು. ರೇಂಜರ್‌ಗಳ ಮಾತಿನ ಕಾರ್ಯಕ್ರಮ ಇರುವ ದಿನ ಸಿಕ್ಕರೆ ಫಲಕಗಳನ್ನು ಆಮೇಲೆ ಓದಿಕೊಳ್ಳಿ, ಮೊದಲು ಅಲ್ಲಿ ಹೋಗಿ ಕೂತುಕೊಳ್ಳಿ.

ಕೈಸರ್ ಎಂಬ ಹೆಸರು ಬೇ ಏರಿಯಾದ ಕನ್ನಡಿಗರಿಗೆ ಗೊತ್ತಿರುವುದು ಆರೋಗ್ಯದ ಇನ್ಶೂರೆನ್ಸ್ ಕಾರ್ಡಿನಿಂದ. ಅದರ ಬೇರೂ ಇಲ್ಲೇ ಇದೆ. 1940ರಲ್ಲಿ ರಿಚ್ಮಂಡ್ ಜನಸಂಖ್ಯೆ ಇಪ್ಪತ್ತನಾಲ್ಕು ಸಾವಿರದ ಒಳಗಿತ್ತು, ಯುದ್ಧದ ನಡುವೆ ಲಕ್ಷ ಮುಟ್ಟಿತು. ಹಾಸಿಗೆಗಳು ಮೂರು ಪಾಳಿಯಲ್ಲೂ ಬಾಡಿಗೆಗೆ ಹೋಗುತ್ತಿದ್ದವು, ಒಬ್ಬರು ಎದ್ದರೆ ಇನ್ನೊಬ್ಬರು ಮಲಗುವುದು. ಅಷ್ಟು ಜನಕ್ಕೆ ವೈದ್ಯರಿರಲಿಲ್ಲ. ಡಾ. ಸಿಡ್ನಿ ಗಾರ್ಫೀಲ್ಡ್ ಮುಂಗಡ ಹಣದ ಪದ್ಧತಿಯಲ್ಲಿ, ದಿನಕ್ಕೆ ಕೆಲವೇ ಸೆಂಟ್ ಕಡಿತದ ಮೇಲೆ, ಯಾರ್ಡಿನವರಿಗೆ ಚಿಕಿತ್ಸೆ ಕೊಡತೊಡಗಿದರು. ಫೀಲ್ಡ್ ಹಾಸ್ಪಿಟಲ್ 1942ರ ಆಗಸ್ಟ್‌ನಲ್ಲಿ ತೆರೆಯಿತು. ವಾರ್ಡುಗಳಲ್ಲಿ ಬಣ್ಣದ ವಿಂಗಡಣೆ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಯೋಜನೆಯನ್ನು ಸಾರ್ವಜನಿಕರಿಗೆ ತೆರೆದರು. ಕೂಪರ್ಟಿನೋದಲ್ಲಿ ಮನೆ ಮಾಡಿರುವವರಿಗೆ ಇನ್ನೊಂದು ಎಳೆ: ನಿಮ್ಮ ಬೆಟ್ಟದ ತಪ್ಪಲಿನ ಹಳೆಯ ಪರ್ಮನೆಂಟೆ ಸಿಮೆಂಟ್ ಕಾರ್ಖಾನೆಯೂ ಕೈಸರನದ್ದೇ.

ಫ್ಲಾರಿಡಾ ಅವೆನ್ಯೂನಲ್ಲಿರುವ ಮ್ಯಾರಿಟೈಮ್ ಶಿಶುವಿಹಾರವನ್ನು ಹೊರಗಿನಿಂದ ನೋಡಬಹುದು, ಒಳಗೆ ಈಗ ಶಾಲೆ ನಡೆಯುತ್ತದೆ, ಸುಮ್ಮನೆ ನುಗ್ಗುವಂತಿಲ್ಲ. 1943ರಲ್ಲಿ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. ಪಾಳಿಗೆ ಹೋಗುವ ತಾಯಂದಿರ ಮಕ್ಕಳಿಗೆ ಊಟ, ನಿದ್ದೆ, ಆರೋಗ್ಯ ತಪಾಸಣೆ ಎಲ್ಲ ಅಲ್ಲೇ. ಲ್ಯಾನ್ಹಮ್ ಕಾಯ್ದೆಯ ನಿಧಿಯಿಂದ ದೇಶದ ತುಂಬ ನಡೆಯುತ್ತಿದ್ದ ಇಂಥ ಕೇಂದ್ರಗಳಿಗೆ ಪೋಷಕರು ದಿನಕ್ಕೆ ಸುಮಾರು 50 ಸೆಂಟ್ ಕೊಡುತ್ತಿದ್ದರು. 1946ರಲ್ಲಿ ಕೇಂದ್ರ ಸರ್ಕಾರ ಕೈಬಿಟ್ಟಿತು, ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಹಣದಲ್ಲಿ ಮುಂದುವರಿಸಿತು. ಬೇ ಏರಿಯಾದ ಇವತ್ತಿನ ಡೇಕೇರ್ ಫೀ ಕಟ್ಟುತ್ತಿರುವವರು ಈ ಫಲಕದ ಮುಂದೆ ನಿಟ್ಟುಸಿರು ಬಿಡುವುದು ಖಂಡಿತ.

ಸ್ಮಾರಕ ಮರೀನಾ ಬೇ ಪಾರ್ಕಿನಲ್ಲಿದೆ, ಹಿಂದಿನ ಎರಡನೇ ಯಾರ್ಡಿನ ಜಾಗ. ಸೆಂಟರಿನಿಂದ ಬೇ ಟ್ರೇಲ್ ಹಿಡಿದು ನಡೆದೇ ಹೋಗಬಹುದು. ನೀರಿನತ್ತ ಚಾಚಿದ ಕಾಲುದಾರಿಯ ಉದ್ದ 441 ಅಡಿ, ಒಂದು ಲಿಬರ್ಟಿ ಹಡಗಿನಷ್ಟೇ. ಹಡಗಿನ ಗಾತ್ರ ಫೋಟೋದಲ್ಲಿ ತಿಳಿಯುವುದಿಲ್ಲ, ಈ ತುದಿಯಿಂದ ಆ ತುದಿಗೆ ನಡೆದರೆ ಕಾಲಿಗೆ ತಿಳಿಯುತ್ತದೆ. ಅದನ್ನು ಬಿಟ್ಟರೆ ಇಲ್ಲಿ ಹೆಚ್ಚು ಹೊತ್ತು ಬೇಕಿಲ್ಲ.

ದಿನದ ನಿಜವಾದ ತಿರುಳು ರೆಡ್ ಓಕ್ ವಿಕ್ಟರಿ ಹಡಗು. ಇಲ್ಲೇ ಒಂದನೇ ಯಾರ್ಡಿನಲ್ಲಿ ಕಟ್ಟಿ 1944ರ ನವೆಂಬರಿನಲ್ಲಿ ನೀರಿಗಿಳಿಸಿದ್ದು. ಈಗ ಕಾಲುವೆಯ ಆಚೆ ಬದಿಯಲ್ಲಿ, ಮೂರನೇ ಯಾರ್ಡಿನ ಕಟ್ಟೆಗೆ ಕಟ್ಟಿಕೊಂಡು ನಿಂತಿದೆ. ನೀರಿನ ಮೇಲೆ ಹತ್ತಿರ, ರಸ್ತೆಯಲ್ಲಿ ಸುತ್ತು. ಕಾರಿಲ್ಲದೆ ಬಂದವರು ಸೋಲುವುದು ಇಲ್ಲೇ. ಹಡಗನ್ನು ನಡೆಸುವುದು ರಿಚ್ಮಂಡ್‌ನ ಇತಿಹಾಸ ಮ್ಯೂಸಿಯಂ, ಪಾರ್ಕ್ ಇಲಾಖೆಯಲ್ಲ. ಹಾಗಾಗಿ ಟಿಕೆಟ್ ಬೇರೆ, ನ್ಯಾಷನಲ್ ಪಾರ್ಕ್ ಪಾಸ್ ನಡೆಯುವುದಿಲ್ಲ, ವಾರದ ಎಲ್ಲ ದಿನ ತೆರೆದಿರುವುದೂ ಇಲ್ಲ. ಮೊದಲು ಹಡಗಿನ ದಿನ ಖಚಿತ ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದೇ ಜಾಣತನ. ಏಣಿಗಳು ಕಡಿದಾಗಿವೆ, ಹೊಸ್ತಿಲುಗಳು ಎತ್ತರ. ಮಂಡಿನೋವಿನವರು ಡೆಕ್ ಮೇಲೆಯೇ ಉಳಿಯುವುದು ಲೇಸು, ಸೀರೆಯುಟ್ಟವರಿಗೆ ಎಂಜಿನ್ ರೂಮು ಕಷ್ಟ, ಚಪ್ಪಲಿ ಬೇಡ.

ಡೆಕ್ ಮೇಲೆ ಎರಡು ಉಕ್ಕಿನ ಹಲಗೆ ಕೂಡುವ ಕಡೆ ಬಗ್ಗಿ ನೋಡಿ. ಪದರ ಪದರ ಬಣ್ಣದ ಕೆಳಗೆ ಹೆಬ್ಬೆರಳಿನಗಲದ ಉಬ್ಬುಗೆರೆ ಕೈಗೆ ಸಿಗುತ್ತದೆ, ಅದು ವೆಲ್ಡಿಂಗ್ ಬೀಡ್. ಆಮೇಲೆ ಹ್ಯಾಚಿನ, ಅಂದರೆ ಸರಕು ಇಳಿಸಲು ಡೆಕ್‌ನಲ್ಲಿರುವ ತೆರಪಿನ, ಬಾಯಿಯ ಅಂಚಿಗೆ ನಿಂತು ಕೆಳಗೆ ನೋಡಿ. ಸರಕು ತುಂಬುವ ಹೋಲ್ಡಿನ ಆಳ ಹಲವು ಅಂತಸ್ತು. ಇಂಥ ಚೌಕ ಬಾಯಿಯ ಮೂಲೆಗಳೇ ಹಿಂದಿನ ಲಿಬರ್ಟಿ ಹಡಗುಗಳಲ್ಲಿ ಕೈಕೊಟ್ಟದ್ದು. 2,710 ಲಿಬರ್ಟಿ ಹಡಗುಗಳಲ್ಲಿ ಸುಮಾರು 1,500 ಗಂಭೀರ ಬಿರುಕುಗಳು ದಾಖಲಾದವು, ಮೂರು ಹಡಗು ನಡುವೆಯೇ ತುಂಡಾದವು. ಕೈಸರನದೇ ಪೋರ್ಟ್‌ಲ್ಯಾಂಡ್ ಯಾರ್ಡಿನ ಸ್ಕೆನೆಕ್ಟಡಿ ಎಂಬ ಟ್ಯಾಂಕರ್ 1943ರ ಜನವರಿಯಲ್ಲಿ ಕಟ್ಟೆಯಲ್ಲಿ ಸುಮ್ಮನೆ ನಿಂತಿದ್ದಾಗಲೇ ಸೀಳಿತು.

ಬೈಗುಳ ತಿಂದದ್ದು ಅರೆಬರೆ ಕಲಿತ ವೆಲ್ಡರ್‌ಗಳು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅವಸರದಲ್ಲಿ ಅಗಲ ಸಂದಿಗೆ ಎಲೆಕ್ಟ್ರೋಡ್ ಕಡ್ಡಿಗಳನ್ನೇ ತುರುಕಿ ಮೇಲೊಂದು ಬೀಡ್ ಎಳೆದು ಮುಚ್ಚುವ ಕಳ್ಳಕೆಲಸ ನಡೆಯುತ್ತಿತ್ತು. ಮೂಲ ಕಾರಣ ಬೇರೆ. ಆಗಿನ ಉಕ್ಕು ಚಳಿಯಲ್ಲಿ ಪೆಡಸಾಗಿ ಗಾಜಿನಂತೆ ಒಡೆಯುತ್ತಿತ್ತು. ಇದನ್ನು ತೋರಿಸಿಕೊಟ್ಟವರು ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್, ಅವರೂ ಹೆಂಗಸೇ. ಚೌಕ ಮೂಲೆಯಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ರಿವೆಟ್ ಹಡಗಿನಲ್ಲಿ ಬಿರುಕು ಹಲಗೆಯ ಅಂಚಿಗೆ ಬಂದು ನಿಲ್ಲುತ್ತದೆ, ವೆಲ್ಡ್ ಮಾಡಿದ ಹಡಗು ಒಂದೇ ತುಂಡಾದ್ದರಿಂದ ತಡೆಯುವವರಿಲ್ಲ. ಮೂಲೆಗಳನ್ನು ದುಂಡಗೆ ಮಾಡಿದರು, ಬಿರುಕು ತಡೆಯಲು ರಿವೆಟ್ ಮಾಡಿದ ಪಟ್ಟಿ ಕೂರಿಸಿದರು. ಲಿಬರ್ಟಿಯ ನಂತರ ಬಂದ ವಿಕ್ಟರಿ ಮಾದರಿಯಲ್ಲಿ ಪಕ್ಕೆಲುಬುಗಳ ಅಂತರವನ್ನು 30 ಇಂಚಿನಿಂದ 36ಕ್ಕೆ ಏರಿಸಿ ಒಡಲಿಗೆ ಸ್ವಲ್ಪ ಬಾಗುವ ಗುಣ ಕೊಟ್ಟರು. ಸ್ವಯಂಸೇವಕರಲ್ಲಿ ಹಳೆಯ ಹಡಗು ಎಂಜಿನಿಯರುಗಳಿದ್ದರೆ ಇದನ್ನು ಕೇಳಿ, ಖುಷಿಯಿಂದ ತೋರಿಸುತ್ತಾರೆ.

ರೆಡ್ ಓಕ್ ವಿಕ್ಟರಿ ನೌಕಾಪಡೆಗೆ ಮದ್ದುಗುಂಡು ಹೊತ್ತ ಹಡಗು. ಅದೇ ಹ್ಯಾಚಿನ ಅಂಚಿನಲ್ಲಿ ನಿಂತೇ ಪೋರ್ಟ್ ಶಿಕಾಗೋವನ್ನು ನೆನೆಯಬೇಕು. ಅದು ಇಲ್ಲಿಂದ ಪೂರ್ವಕ್ಕೆ, ಕಾಂಕರ್ಡ್ ಊರಿನ ಹತ್ತಿರ ಇದ್ದ ನೌಕಾಪಡೆಯ ಮದ್ದುಗುಂಡಿನ ಬಂದರು. ಹಡಗಿಗೆ ಬಾಂಬು ತುಂಬುತ್ತಿದ್ದವರು ಕಪ್ಪು ನಾವಿಕರು, ಮೇಲೆ ನಿಂತವರು ಬಿಳಿಯ ಅಧಿಕಾರಿಗಳು. ಒಂದು ಹ್ಯಾಚಿಗೆ ಗಂಟೆಗೆ 10 ಟನ್ ಎಂಬ ಗುರಿ. ಸ್ಫೋಟಕ ಹಿಡಿಯುವ ತರಬೇತಿ ಕೊಟ್ಟಿರಲಿಲ್ಲ, ಯಾವ ತಂಡ ಬೇಗ ತುಂಬುತ್ತದೆಂದು ಅಧಿಕಾರಿಗಳು ಬಾಜಿ ಕಟ್ಟುತ್ತಿದ್ದರು. 1944ರ ಜುಲೈ 17ರ ರಾತ್ರಿ 10:18ಕ್ಕೆ ಸ್ಫೋಟ. ಸತ್ತವರು 320, ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಕೆಲವೇ ವಾರದಲ್ಲಿ ಅದೇ ಕೆಲಸಕ್ಕೆ ಮತ್ತೆ ನಿಲ್ಲಿಸಿದಾಗ 258 ಜನ ಒಲ್ಲೆವೆಂದರು. 50 ಜನರ ಮೇಲೆ ದಂಗೆಯ ಆರೋಪ ಹೊರಿಸಿ ಶಿಕ್ಷೆ ಕೊಟ್ಟರು, ವಿಚಾರಣೆ ನೋಡಲು ಬಂದಿದ್ದ ವಕೀಲ ಥರ್ಗುಡ್ ಮಾರ್ಷಲ್ ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು. ನೌಕಾಪಡೆ ಆ ನಾವಿಕರನ್ನೆಲ್ಲ ನಿರ್ದೋಷಿಗಳೆಂದು ಘೋಷಿಸಿದ್ದು 2024ರ ಜುಲೈ 17ರಂದು, ಸರಿಯಾಗಿ 80 ವರ್ಷದ ಮೇಲೆ.

ಪೋರ್ಟ್ ಶಿಕಾಗೋದ ಸ್ಮಾರಕವನ್ನು ರಿಚ್ಮಂಡ್‌ನ ಜೊತೆ ಒಂದೇ ದಿನ ನೋಡುವ ಆಸೆ ಬಿಡಿ. ಅದು ಇಂದಿಗೂ ಬಳಕೆಯಲ್ಲಿರುವ ಸೇನಾ ನೆಲೆಯೊಳಗಿದೆ. ವಾರಗಳ ಮುಂಚೆ ಕಾಯ್ದಿರಿಸಿ, ಗುರುತಿನ ದಾಖಲೆಗಳ ವಿವರ ಕೊಟ್ಟು, ಪಾರ್ಕ್ ಇಲಾಖೆಯ ವಾಹನದಲ್ಲೇ ಹೋಗಬೇಕು. ವಿಸಿಟರ್ ವೀಸಾದ ಮೇಲೆ ಬಂದ ತಂದೆತಾಯಿ ಜೊತೆಗಿದ್ದರೆ ಕಾಯ್ದಿರಿಸುವಾಗಲೇ ಅದನ್ನು ಹೇಳಿ ಕೇಳಿಕೊಳ್ಳಿ.

ಜಪಾನಿ ಅಮೆರಿಕನ್ನರ ಭಾಗ ಸೆಂಟರಿನಲ್ಲಿ ಇದೆ, ಆದರೆ ಮನಸ್ಸಿಗೆ ಇಳಿಯಲು ಇನ್ನಷ್ಟು ಬೇಕು. ರಿಚ್ಮಂಡ್ ಸುತ್ತ ಗಾಜಿನಮನೆಗಳಲ್ಲಿ ಗುಲಾಬಿ, ಕಾರ್ನೇಶನ್ ಬೆಳೆಯುತ್ತಿದ್ದ ಕುಟುಂಬಗಳನ್ನು 1942ರಲ್ಲಿ, ಅಧ್ಯಕ್ಷರ 9066ನೇ ಆದೇಶದ ಮೇಲೆ, ಎಬ್ಬಿಸಿ ಕಳಿಸಿದರು. ದೇಶದಲ್ಲಿ ಹೀಗೆ ಬಂಧಿತರಾದವರು ಸುಮಾರು 1,20,000. ಬೇ ಏರಿಯಾದ ಸಾವಿರಾರು ಜನರನ್ನು ಮೊದಲು ಇಟ್ಟದ್ದು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ಕುದುರೆ ರೇಸ್ ಮೈದಾನದಲ್ಲಿ, ಎಷ್ಟೋ ಕುಟುಂಬಗಳನ್ನು ಕುದುರೆ ಲಾಯದಲ್ಲೇ. ಸ್ಯಾನ್ ಬ್ರೂನೋ ಬಾರ್ಟ್ ನಿಲ್ದಾಣದ ಹೊರಗೆ 2022ರಿಂದ ಅದರ ಸ್ಮಾರಕವಿದೆ. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲೇ ಇದೆ.

ನಮ್ಮವರ ಮಾತು ಫಲಕಗಳಲ್ಲಿ ಹುಡುಕಲು ಹೋಗಬೇಡಿ. ಇಷ್ಟು ಗೊತ್ತಿದ್ದರೆ ಸಾಕು: ಭಾರತೀಯರು ಬಿಳಿಯರಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 1923ರ ಥಿಂಡ್ ತೀರ್ಪಿನಿಂದಾಗಿ ಇಡೀ ಯುದ್ಧಕಾಲದಲ್ಲಿ ಭಾರತದಿಂದ ವಲಸೆ ಬಂದವರು ಅಮೆರಿಕದ ಪೌರರಾಗುವಂತಿರಲಿಲ್ಲ. ಚೀನೀಯರಿಗೆ 1943ರಲ್ಲಿ ದಾರಿ ತೆರೆಯಿತು, ಭಾರತೀಯರಿಗೆ 1946ರ ಜುಲೈನಲ್ಲಿ, ಅದೂ ವರ್ಷಕ್ಕೆ 100 ಜನರ ಕೋಟಾ ಇಟ್ಟು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಡಬ್ಬಿಯಿಂದ ಏಳಿ ಎಂದಾಗ, ತಾನೂ ಬಣ್ಣದ ಹೆಂಗಸೇ ಎಂದು ಹೇಳಿ ಜಾಗ ಬಿಡದೆ ಕೂತಿದ್ದರು. 8802ನೇ ಆದೇಶ ಬಂದದ್ದೂ ಅದೇ ವರ್ಷ.

ಕೊನೆಗೆ ಅಂಗಡಿ. ಕೆಂಪು ಚುಕ್ಕಿ ಕರವಸ್ತ್ರ, ತೋಳು ಮಡಚಿದ ಹೆಂಗಸಿನ ಮಗ್, ಮ್ಯಾಗ್ನೆಟ್ ಎಲ್ಲ ಇದೆ. ಆ ಪೋಸ್ಟರ್ ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳೊಳಗೆ 1943ರ ಫೆಬ್ರವರಿಯಲ್ಲಿ ಎರಡು ವಾರ ಅಂಟಿಸಿದ್ದು. ಆಗ ಅವಳನ್ನು ಯಾರೂ ರೋಸಿ ಎಂದು ಕರೆದಿರಲಿಲ್ಲ, ಜನಪ್ರಿಯವಾದದ್ದು ದಶಕಗಳ ನಂತರ. ಮಕ್ಕಳಿಗೆ ಕರವಸ್ತ್ರ ಕೊಡಿಸಿ, ದೊಡ್ಡವರು ಪುಸ್ತಕದ ಕಪಾಟಿನ ಕಡೆ ಹೋಗಿ, ಆಯ್ಕೆ ಚೆನ್ನಾಗಿದೆ. ಹತ್ತಿರದಲ್ಲಿ ಸಸ್ಯಾಹಾರದ ಊಟ ಹುಡುಕುತ್ತಾ ಹೊತ್ತು ಕಳೆಯುವ ಬದಲು ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಬನ್ನಿ. ಸೆಂಟರಿಗೆ ಎರಡು ಗಂಟೆ, ಹಡಗಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಹಡಗನ್ನು ಮಧ್ಯಾಹ್ನ ಬೇಗ ಮುಚ್ಚುವುದರಿಂದ ಅದನ್ನು ಮೊದಲು ನೋಡಿ ಆಮೇಲೆ ಸೆಂಟರಿಗೆ ಬನ್ನಿ.